ಒಂದೇ ದಾರಿ, ಎರಡು ಲೆಕ್ಕ: ಸೈಕಲ್ ಹೊಡೆಯುವಾಗ ವಾಚಿನ ಜಿಪಿಎಸ್ ಎಲ್ಲಿ ಎಡವುತ್ತದೆ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಇಬ್ಬರು ಸೈಕಲ್ ಹೊಡೆದೆವು. ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟು, ಆನಗೋಡಿನಲ್ಲಿ ಒಂದೇ ಅಂಗಡಿಯಲ್ಲಿ ಟೀ ಕುಡಿದು, ಭರಮಸಾಗರದಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡು, ಕೋಟೆ ಬಾಗಿಲ ಮುಂದೆ ಒಟ್ಟಿಗೇ ಸೈಕಲ್ ನಿಲ್ಲಿಸಿದೆವು. ನನ್ನ ವಾಚು 61.8 ಕಿಲೋಮೀಟರ್ ಅಂದಿತು. ಗೆಳೆಯನದು 60.3.

ಬೇರೆ ದಿನ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಆ ತಿಂಗಳು ನಮ್ಮ ಗುಂಪಿನಲ್ಲಿ ಪಂದ್ಯ ಇತ್ತು. ತಿಂಗಳಿಗೆ 300 ಕಿಲೋಮೀಟರ್ ಮುಗಿಸದವರು ಮುಗಿಸಿದವರಿಗೆ ಬೆಣ್ಣೆದೋಸೆ ಕೊಡಿಸಬೇಕು. ನನ್ನ ಲೆಕ್ಕ 300.2ಕ್ಕೆ ನಿಂತಿತು, ಅವನದು 298.9ಕ್ಕೆ. "ನಿನ್ನ ಜೊತೆಗೇ ಬಂದೆನಲ್ಲೋ ಮಾರಾಯ" ಅಂತ ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಊರಲ್ಲಿ ಬೆಳಗ್ಗೆ ಕುಂದವಾಡ ಕೆರೆ ಕಡೆ ಹೋದರೆ ಹತ್ತು ಜನರಲ್ಲಿ ನಾಲ್ಕು ಜನರ ಕೈಯಲ್ಲಿ ಫಿಟ್‌ನೆಸ್ ವಾಚು ಕಾಣುತ್ತದೆ. ಸ್ಟ್ರಾವಾ ಅನ್ನುವ ಆ್ಯಪಿನಲ್ಲಿ ತಾವು ಹೋದ ದಾರಿಯ ಮ್ಯಾಪು ಹಾಕುತ್ತಾರೆ, ಆಮೇಲೆ ಗೆರೆ ಕೆರೆ ನೀರಿನ ಮೇಲೆ ಹೋಗಿದ್ದು ನೋಡಿ ತಲೆ ಕೆರೆದುಕೊಳ್ಳುತ್ತಾರೆ. ವಾಚು ಕೆಟ್ಟಿದೆಯಾ? ಸಾಮಾನ್ಯವಾಗಿ ಇಲ್ಲ. ಅದು ಏನು ಮಾಡುತ್ತಿದೆ ಅಂತ ಗೊತ್ತಾದರೆ ಎಲ್ಲಿ ತಪ್ಪುತ್ತದೆ ಅಂತಲೂ ಗೊತ್ತಾಗುತ್ತದೆ.

ವಾಚು ರಸ್ತೆ ಅಳೆಯುವುದಿಲ್ಲ, ರಂಗೋಲಿ ಹಾಕುತ್ತದೆ

ಮನೆ ಮುಂದೆ ಚುಕ್ಕಿ ರಂಗೋಲಿ ಹಾಕುವುದನ್ನು ನೋಡಿದ್ದೀರಲ್ವಾ. ಮೊದಲು ಚುಕ್ಕಿ, ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ. ವಾಚು ಮಾಡುವುದೂ ಅದನ್ನೇ. ಸೆಕೆಂಡಿಗೊಮ್ಮೆ, ಅಥವಾ ಕೆಲವು ಸೆಕೆಂಡಿಗೊಮ್ಮೆ, "ನಾನು ಈಗ ಇಲ್ಲಿದ್ದೇನೆ" ಅಂತ ಒಂದು ಚುಕ್ಕಿ ಇಡುತ್ತದೆ. ಕೊನೆಗೆ ಎಲ್ಲವನ್ನೂ ನೇರ ಗೆರೆಗಳಿಂದ ಸೇರಿಸುತ್ತದೆ. ಆ ಗೆರೆಗಳ ಉದ್ದ ಕೂಡಿಸಿದರೆ ಬರುವುದೇ ನಿಮ್ಮ ಕಿಲೋಮೀಟರ್.

ಇಲ್ಲಿಂದಲೇ ಎರಡು ಥರದ ತಪ್ಪು ಹುಟ್ಟುತ್ತವೆ. ಚುಕ್ಕಿ ಕಡಿಮೆಯಾದರೆ ತಿರುವುಗಳು ನೇರವಾಗುತ್ತವೆ, ದೂರ ಕಡಿಮೆ ಬರುತ್ತದೆ. ಚುಕ್ಕಿ ನಡುಗುವ ಕೈಯಲ್ಲಿ ಇಟ್ಟ ಹಾಗೆ ಆಚೆ ಈಚೆ ಬಿದ್ದರೆ ಗೆರೆ ಅಂಕುಡೊಂಕಾಗಿ ದೂರ ಜಾಸ್ತಿ ಬರುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಎಲ್ಲಾ ಚುಕ್ಕಿಗಳೂ ಒಂದೇ ಕಡೆಗೆ ಐದಾರು ಮೀಟರ್ ಸರಿದಿದ್ದರೆ ಮ್ಯಾಪಿನಲ್ಲಿ ನೀವು ರಸ್ತೆ ಬಿಟ್ಟು ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ ಸೈಕಲ್ ಹೊಡೆದ ಹಾಗೆ ಕಾಣುತ್ತದೆ, ಆದರೆ ದೂರ ಸರಿಯಾಗೇ ಇರುತ್ತದೆ. ಜಿಪಿಎಸ್ ತಪ್ಪು ಸೆಕೆಂಡಿಗೊಮ್ಮೆ ಹೊಸದಾಗಿ ಹುಟ್ಟುವುದಿಲ್ಲ, ಬಯಲಿನಲ್ಲಿ ಅದು ನಿಧಾನಕ್ಕೆ ಬದಲಾಗುತ್ತದೆ. ಹಾಗಾಗಿ ಗೆರೆ ಪಕ್ಕಕ್ಕೆ ಸರಿದಿದೆ ಅಂತ ದೂರವನ್ನೂ ಅನುಮಾನಿಸಬೇಕಿಲ್ಲ. ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ಹೋದವರನ್ನು ಮ್ಯಾಪು ಹೈವೇ ಮೇಲೆ ತೋರಿಸುವುದಕ್ಕೂ ಕಾರಣ ಇಷ್ಟೇ. ಕೆಲವೊಮ್ಮೆ ನಿಮ್ಮ ಗೆರೆ ಸರಿ ಇದ್ದು ಮ್ಯಾಪಿನ ರಸ್ತೆಯೇ ಸ್ವಲ್ಪ ಸರಿದಿರುವುದೂ ಉಂಟು.

ಆಕಾಶದಿಂದ ಬರುವುದು ಟೈಮು

ಚುಕ್ಕಿ ಎಲ್ಲಿಡಬೇಕು ಅಂತ ವಾಚಿಗೆ ಹೇಗೆ ಗೊತ್ತಾಗುತ್ತದೆ? ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅವು ನಿಮ್ಮನ್ನು ನೋಡುತ್ತಿಲ್ಲ. ನೀವು ಎಲ್ಲಿದ್ದೀರಿ ಅಂತ ಅವಕ್ಕೆ ಗೊತ್ತೇ ಇಲ್ಲ. ಆಕಾಶವಾಣಿ ಥರ ಸುಮ್ನೆ ಪ್ರಸಾರ ಮಾಡುತ್ತಿರುತ್ತವೆ: "ನಾನು ಇಂಥ ಉಪಗ್ರಹ, ಇಂಥ ಜಾಗದಲ್ಲಿದ್ದೇನೆ, ಈಗ ಟೈಮು ಇಷ್ಟು." ಕೇಳಿಸಿಕೊಳ್ಳುವುದು, ಲೆಕ್ಕ ಹಾಕುವುದು ಎಲ್ಲ ವಾಚಿನ ಕೆಲಸ. ಅದಕ್ಕೇ ಇದಕ್ಕೆ ಸಿಮ್ಮೂ ಬೇಡ, ಇಂಟರ್‌ನೆಟ್ಟೂ ಬೇಡ.

ಲೆಕ್ಕ ಹೀಗೆ. ನೀವು ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕಟ್ಟಿಕೊಂಡು ನಿಂತಿದ್ದೀರಿ ಅಂದುಕೊಳ್ಳಿ. ಎಲ್ಲಾ ಬಸ್ಸುಗಳೂ ಒಂದೇ ವೇಗದಲ್ಲಿ ನೇರವಾಗಿ ಬರುತ್ತವೆ. ಚಿತ್ರದುರ್ಗದಿಂದ ಬಂದ ಕಂಡಕ್ಟರು "ಆರಕ್ಕೆ ಬಿಟ್ಟೆ" ಅನ್ನುತ್ತಾರೆ. ಈಗ ಏಳು ಗಂಟೆ ಆಗಿದ್ದರೆ ನೀವು ಚಿತ್ರದುರ್ಗದಿಂದ ಒಂದು ಗಂಟೆ ದೂರದಲ್ಲಿದ್ದೀರಿ. ಯಾವ ದಿಕ್ಕಿಗೆ ಅಂತ ಗೊತ್ತಿಲ್ಲ. ಶಿವಮೊಗ್ಗದ ಬಸ್ಸು ಬಂದು ತನ್ನ ಟೈಮು ಹೇಳಿದರೆ ಅನುಮಾನ ಎರಡು ಜಾಗಕ್ಕೆ ಇಳಿಯುತ್ತದೆ. ಹೊಸಪೇಟೆ ಬಸ್ಸೂ ಬಂದರೆ "ಓ, ಇದು ದಾವಣಗೆರೆ" ಅಂತ ಗೊತ್ತಾಗುತ್ತದೆ.

ಇಲ್ಲಿ ಬಸ್ಸಿನ ಬದಲು ರೇಡಿಯೋ ಅಲೆ. ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಉಪಗ್ರಹದಿಂದ ನಿಮ್ಮ ಕೈಗೆ ಬರಲು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲಿನಷ್ಟು ಹೊತ್ತು ಸಾಕು. ಇಷ್ಟು ವೇಗದಲ್ಲಿ ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ, ಕರಾರುವಾಕ್ಕು. ನಿಮ್ಮ ಕೈಯಲ್ಲಿರುವುದು ಹೆಸರಿಗೆ ವಾಚಾದರೂ ಅದರೊಳಗಿನ ಗಡಿಯಾರ ಆ ಮಟ್ಟದ್ದಲ್ಲ. ಆ ಕೊರತೆ ತುಂಬಲು ಇನ್ನೊಂದು ಉಪಗ್ರಹ ಬೇಕು. ಅದಕ್ಕೇ ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು ಅನ್ನುವುದು. ಮೂರು ನಾವಿರುವ ಜಾಗ ಹುಡುಕಲು, ಒಂದು ನಮ್ಮ ಗಡಿಯಾರ ತಿದ್ದಲು.

ಜಿಪಿಎಸ್ ಅಮೆರಿಕದ್ದು. 2000ನೇ ಇಸವಿಯ ಮೇ ತಿಂಗಳವರೆಗೆ ಅವರು ಸಾಮಾನ್ಯ ಜನರ ಸಿಗ್ನಲ್ಲಿಗೆ ಬೇಕಂತಲೇ ತಪ್ಪು ಬೆರೆಸುತ್ತಿದ್ದರು, ನೂರು ಮೀಟರ್‌ವರೆಗೂ ತಪ್ಪುತ್ತಿತ್ತು. ಅದು ನಿಂತ ಮೇಲೇ ಇಂಥ ವಾಚುಗಳಿಗೆ ಅರ್ಥ ಬಂದಿದ್ದು. ಈಗ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಕೂಡ ಇವೆ. ನಮ್ಮದೇ ನಾವಿಕ್ ಇದೆ. ಬಯಲಿನಲ್ಲಿ ಮೊಬೈಲ್ ಜಿಪಿಎಸ್ಸಿನ ನಿಖರತೆ ಸಾಮಾನ್ಯವಾಗಿ 5 ಮೀಟರ್ ಆಸುಪಾಸು. ವಾಚಿನ ಆಂಟೆನಾ ಅದಕ್ಕಿಂತ ಚಿಕ್ಕದು. ಅಂದರೆ ಎಲ್ಲ ಸರಿಯಿದ್ದ ದಿನವೂ ನಿಮ್ಮ ಚುಕ್ಕಿ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗಿ ಕೂರಬಹುದು.

ಹೊರಡುವ ಅವಸರ

ನಮ್ಮ ಕಡೆ ನಾನು ನೋಡಿದ ತಪ್ಪುಗಳಲ್ಲಿ ಇದೇ ಜಾಸ್ತಿ. ಆ ದಿನ ಗೆಳೆಯನ ಮ್ಯಾಪು ದೊಡ್ಡದು ಮಾಡಿ ನೋಡಿದರೆ ಅವನ ಗೆರೆ ಮನೆ ಹತ್ತಿರ ಶುರುವೇ ಆಗಿರಲಿಲ್ಲ. 1.2 ಕಿಲೋಮೀಟರ್ ಆಚೆ, ಹೈವೇ ಹತ್ತಿರ ಹುಟ್ಟಿತ್ತು.

ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ವಿವರವನ್ನು ಬಹಳ ನಿಧಾನವಾಗಿ ಕಳಿಸುತ್ತದೆ. ಸೆಕೆಂಡಿಗೆ 50 ಬಿಟ್. ವಾಟ್ಸ್ಯಾಪ್ ಕಾಲದಲ್ಲಿ ಇದು ಟೆಲಿಗ್ರಾಂ ಮೇಷ್ಟ್ರು ಒಂದೊಂದೇ ಅಕ್ಷರ ಕುಟ್ಟಿದ ಹಾಗೆ. ಒಂದು ಉಪಗ್ರಹದ ಜಾಗದ ವಿವರ ಪೂರ್ತಿ ಬರಲು 30 ಸೆಕೆಂಡು ಬೇಕು, ಮಧ್ಯೆ ಮರವೋ ಗೋಡೆಯೋ ಅಡ್ಡ ಬಂದು ಸ್ವಲ್ಪ ತಪ್ಪಿಹೋದರೆ ಆ ತುಂಡು ಮತ್ತೆ ಬರುವವರೆಗೆ ಕಾಯಬೇಕು. ಎಲ್ಲಾ ಉಪಗ್ರಹಗಳ ಒಟ್ಟು ಪಟ್ಟಿ ಬರಲು ಹನ್ನೆರಡೂವರೆ ನಿಮಿಷ. ಒಂದೊಂದು ಉಪಗ್ರಹದ ಜಾಗದ ವಿವರವಂತೂ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ.

ಇದಕ್ಕೆ ಕಂಪನಿಗಳು ಒಂದು ಅಡ್ಡದಾರಿ ಮಾಡಿವೆ. ಮುಂದಿನ ಕೆಲವು ದಿನ ಯಾವ ಉಪಗ್ರಹ ಎಲ್ಲಿರುತ್ತದೆ ಅನ್ನುವ ಪಂಚಾಂಗವನ್ನು ಮೊಬೈಲ್ ಆ್ಯಪ್ ಇಂಟರ್‌ನೆಟ್‌ನಿಂದ ತಂದು ವಾಚಿಗೆ ತುಂಬುತ್ತದೆ. ಹಿಂದಿನ ರಾತ್ರಿ ವಾಚನ್ನು ಮೊಬೈಲ್ ಜೊತೆ ಸಿಂಕ್ ಮಾಡಿದ್ದರೆ ಬೆಳಗ್ಗೆ ಕೆಲವೇ ಸೆಕೆಂಡಿನಲ್ಲಿ ಸಿಗ್ನಲ್ ಸಿಕ್ಕಿತು ಅನ್ನುವ ಹಸಿರು ಗುರುತು ಬರುತ್ತದೆ. ಹತ್ತು ದಿನ ಸಿಂಕ್ ಮಾಡದೆ, ಮನೆ ಪೋರ್ಟಿಕೋ ಕೆಳಗೆ ನಿಂತು ಬಟನ್ ಒತ್ತಿ ಹೊರಟರೆ ವಾಚು ದಾರಿಯುದ್ದಕ್ಕೂ ಹುಡುಕುತ್ತಲೇ ಇರುತ್ತದೆ.

ರಸ್ತೆಗೆ ಬನ್ನಿ. ತೆರೆದ ಜಾಗದಲ್ಲಿ ನಿಲ್ಲಿ. ಹಸಿರು ಬಂದ ಮೇಲೂ ಅರ್ಧ ನಿಮಿಷ ಕೊಡಿ, ಹೆಲ್ಮೆಟ್ ಬೆಲ್ಟು ಹಾಕಿಕೊಳ್ಳುವಷ್ಟು ಹೊತ್ತು. ಹಸಿರು ಅಂದರೆ ನಾಲ್ಕು ಉಪಗ್ರಹ ಸಿಕ್ಕಿವೆ ಅಂತ ಮಾತ್ರ, ಇನ್ನೂ ಹತ್ತು ಸಿಕ್ಕರೆ ಚುಕ್ಕಿ ಗಟ್ಟಿಯಾಗುತ್ತದೆ.

ಬಂಡೆ, ಮರ, ಗೋಡೆ, ಸೂರ್ಯ

ಚಿತ್ರದುರ್ಗದ ಕೋಟೆಯಲ್ಲಿ ಕೂಗಿದವರಿಗೆ ಗೊತ್ತು, ಕೂಗಿದ ದನಿ ಬಂಡೆಗೆ ಬಡಿದು ಇನ್ನೊಂದು ಕಡೆಯಿಂದ ಬರುತ್ತದೆ. ರೇಡಿಯೋ ಅಲೆಗೂ ಅದೇ ಆಗುತ್ತದೆ. ಉಪಗ್ರಹದ ಸಿಗ್ನಲ್ ನೇರವಾಗಿ ಬರುವ ಬದಲು ದೊಡ್ಡ ಬಂಡೆಗೋ ಕಟ್ಟಡದ ಗಾಜಿಗೋ ತಗಡಿನ ಶೆಡ್ಡಿಗೋ ಬಡಿದು ಬಂದರೆ ಸುತ್ತು ದಾರಿ ಹಿಡಿದ ಹಾಗೆ. ಸ್ವಲ್ಪ ತಡವಾಗಿ ಬರುತ್ತದೆ. ತಡವಾಗಿದ್ದಕ್ಕೆ ವಾಚು "ಉಪಗ್ರಹ ಇನ್ನೂ ದೂರ ಇದೆ" ಅಂದುಕೊಂಡು ಚುಕ್ಕಿಯನ್ನು ಪಕ್ಕಕ್ಕೆ ಇಡುತ್ತದೆ. ಚಂದ್ರವಳ್ಳಿ ಕಡೆ ಬಂಡೆಗಳ ಮಧ್ಯೆ ಹೋದಾಗ ನನ್ನ ಗೆರೆ ಮಗು ಗೀಚಿದ ಹಾಗಾಗುತ್ತದೆ, ಅದೇ ವಾಚು ಹೈವೇ ಬಯಲಿಗೆ ಬಂದ ಕೂಡಲೇ ದಾರ ಹಿಡಿದ ಹಾಗೆ ನೇರವಾಗುತ್ತದೆ.

ಬಂಡೆಗಳ ಸಂದಿಯಲ್ಲಿ ಇನ್ನೊಂದು ತೊಂದರೆ ಇದೆ. ತಲೆ ಮೇಲಿನ ಒಂದು ಪಟ್ಟಿ ಆಕಾಶ ಮಾತ್ರ ಕಾಣುತ್ತದೆ. ಕಾಣುವ ಉಪಗ್ರಹಗಳೆಲ್ಲ ಒಂದೇ ಕಡೆ ಗುಂಪಾಗಿರುತ್ತವೆ. ಮೂರೂ ಬಸ್ಸು ಚಿತ್ರದುರ್ಗ, ಹಿರಿಯೂರು, ತುಮಕೂರು ಅಂತ ಒಂದೇ ದಿಕ್ಕಿನಿಂದ ಬಂದರೆ ನಿಮ್ಮ ಜಾಗ ಎಷ್ಟು ನಿಖರವಾಗಿ ಹೇಳಬಹುದು? ಅದೇ ಪಾಡು.

ದಾವಣಗೆರೆಯಲ್ಲಿ ಬೆಂಗಳೂರಿನ ಹಾಗೆ ಇಪ್ಪತ್ತು ಮಹಡಿ ಕಟ್ಟಡಗಳ ಸಾಲು ಇಲ್ಲ. ಹಾಗಾಗಿ ಈ ಕಾರಣ ನಮಗೆ ಸ್ವಲ್ಪ ಕಡಿಮೆ. ಹಳೆ ಊರಿನ ಇಕ್ಕಟ್ಟು ಗಲ್ಲಿ, ರೈಲ್ವೆ ಅಂಡರ್‌ಪಾಸು, ಸಾಲು ಮರದ ರಸ್ತೆ, ಇಷ್ಟರಲ್ಲಿ ಎಡವಬಹುದು. ಮರದ ಎಲೆಯಲ್ಲಿ ನೀರಿನಂಶ ಇರುತ್ತದೆ, ಅದು ಸಿಗ್ನಲ್ಲನ್ನು ಹೀರುತ್ತದೆ. ಮಳೆ ಬಂದು ಎಲೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಆದರೆ "ಇವತ್ತು ಮೋಡ ಇತ್ತು, ಅದಕ್ಕೇ ಜಿಪಿಎಸ್ ಕೈಕೊಟ್ಟಿತು" ಅನ್ನುವ ಮಾತಿನಲ್ಲಿ ಹುರುಳಿಲ್ಲ. ಈ ಅಲೆಗಳಿಗೆ ಮೋಡ ಅಡ್ಡಿಯೇ ಅಲ್ಲ.

ಮೋಡಕ್ಕಿಂತ ತುಂಬಾ ಮೇಲಿನ ಒಂದು ಪದರ ಮಾತ್ರ ಅಡ್ಡಿ ಮಾಡುತ್ತದೆ. ನೂರಾರು ಕಿಲೋಮೀಟರ್ ಎತ್ತರದವರೆಗೆ ಹಬ್ಬಿರುವ ಅಯಾನುಗೋಳ ಅದು. ಸೂರ್ಯನ ಕಿರಣ ಬಿದ್ದು ಅಲ್ಲಿ ವಿದ್ಯುತ್ ಕಣಗಳು ಹುಟ್ಟುತ್ತವೆ, ಅವು ಸಿಗ್ನಲ್ಲನ್ನು ತಡ ಮಾಡುತ್ತವೆ. ದಕ್ಷಿಣ ಭಾರತಕ್ಕೆ ಇದರ ಕಾಟ ಸ್ವಲ್ಪ ಹೆಚ್ಚು, ಯಾಕಂದರೆ ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಕೆಲವು ಗಂಟೆ ಈ ಪದರದಲ್ಲಿ ಕಲಕಾಟ ಏಳುತ್ತದೆ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ ಜಾಸ್ತಿ. ಬೆಳಗ್ಗೆ ಸರಿಯಿದ್ದ ವಾಚು ರಾತ್ರಿ ಎಂಟರ ರೈಡಿನಲ್ಲಿ ತೂರಾಡಿದರೆ ಇದೂ ಒಂದು ಕಾರಣ ಇರಬಹುದು.

ದುಬಾರಿ ವಾಚುಗಳಲ್ಲಿ ಡ್ಯುಯಲ್ ಬ್ಯಾಂಡ್ ಅಂತ ಬರೆದಿರುತ್ತದಲ್ಲ, ಅದು ಇದಕ್ಕೇ ಮದ್ದು. ಒಂದೇ ಉಪಗ್ರಹದಿಂದ 1575.42 ಮತ್ತು 1176.45 ಮೆಗಾಹರ್ಟ್ಸ್ ಅಂತ ಎರಡು ಅಲೆ ಕೇಳುತ್ತವೆ. ಅಯಾನುಗೋಳ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ತಡ ಮಾಡುತ್ತದೆ, ಆ ವ್ಯತ್ಯಾಸ ನೋಡಿ ತಪ್ಪು ಎಷ್ಟು ಅಂತ ಅಂದಾಜು ಮಾಡಬಹುದು. ಎರಡನೆಯ ಅಲೆ ಪ್ರತಿಧ್ವನಿಯನ್ನು ಬೇರ್ಪಡಿಸುವುದರಲ್ಲೂ ಚುರುಕು. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ದಿನಾ ಹೈವೇಯಲ್ಲಿ ಹೋಗುವವರು ಬರೀ ಇದೊಂದಕ್ಕೆ ಜಾಸ್ತಿ ದುಡ್ಡು ಕೊಡಬೇಕು ಅಂತ ನನಗೇನೂ ಅನ್ನಿಸುವುದಿಲ್ಲ.

ಕೈ, ಮೈ, ಹ್ಯಾಂಡಲ್

ನಮ್ಮ ಮೈ ಬಹುಪಾಲು ನೀರು. ಒದ್ದೆ ಎಲೆ ಮಾಡುವ ಕೆಲಸವನ್ನೇ ನಮ್ಮ ಕೈಯೂ ಎದೆಯೂ ಮಾಡುತ್ತವೆ. ಹ್ಯಾಂಡಲ್ ಹಿಡಿದು ಬಾಗಿದಾಗ ವಾಚಿನ ಮುಖ ಆಕಾಶ ನೋಡುವುದಿಲ್ಲ, ಪಕ್ಕಕ್ಕೋ ಮುಂದಕ್ಕೋ ವಾಲಿರುತ್ತದೆ, ಮೇಲಿಂದ ತಲೆ ಮತ್ತು ಎದೆ ಅಡ್ಡ. ಜರ್ಕಿನ್ ತೋಳು ಅಡ್ಡ ಬಂದರೆ ಏನೂ ಆಗುವುದಿಲ್ಲ, ಬಟ್ಟೆ ದಾಟಿ ಬರುತ್ತದೆ.

ಹ್ಯಾಂಡಲ್‌ಗೆ ಒಂದು ಸ್ಪಂಜು ಸುತ್ತಿ ಅದರ ಮೇಲೆ ವಾಚು ಕಟ್ಟಿದರೆ ಗೆರೆ ಸುಧಾರಿಸುತ್ತದೆ. ಆದರೆ ಎದೆಬಡಿತ ಸಿಗುವುದಿಲ್ಲ, ಅದು ಬೇಕಿದ್ದರೆ ಎದೆಗೆ ಕಟ್ಟುವ ಪಟ್ಟಿ ಬೇರೆ ಕೊಳ್ಳಬೇಕು. ಕೆಲವು ವಾಚು ಕೈಯಿಂದ ಬಿಚ್ಚಿದರೆ ಲಾಕ್ ಆಗುತ್ತವೆ, ಮೊದಲು ಒಮ್ಮೆ ಮನೆ ಹತ್ತಿರ ನೋಡಿಕೊಳ್ಳಿ. ಹೊರಡುವಾಗ ಸೈಕ್ಲಿಂಗ್ ಅನ್ನುವುದನ್ನೇ ಆರಿಸಿ. ಓಟದ ಮೋಡಿನಲ್ಲಿ ಕೆಲವು ವಾಚು ಕೈ ಬೀಸುವುದನ್ನು ನೋಡಿ ಸಿಗ್ನಲ್ ಕೊರತೆ ತುಂಬಿಕೊಳ್ಳುತ್ತವೆ, ಸೈಕಲ್ ಮೇಲೆ ಕೈ ಬೀಸುವುದೇ ಇಲ್ಲವಲ್ಲ.

ಚುಕ್ಕಿ ಎಷ್ಟು ಹೊತ್ತಿಗೊಂದು?

ಗಂಟೆಗೆ 25 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಸೆಕೆಂಡಿಗೊಂದು ಚುಕ್ಕಿ ಇಟ್ಟರೆ 7 ಮೀಟರಿಗೊಂದು ಚುಕ್ಕಿ, ಪರವಾಗಿಲ್ಲ. ಏಳು ಸೆಕೆಂಡಿಗೊಂದು ಇಟ್ಟರೆ 49 ಮೀಟರಿಗೊಂದು.

ಜೋಗಿಮಟ್ಟಿ ಕಡೆಯಿಂದ ಇಳಿಯುತ್ತಿದ್ದೀರಿ, ಅರ್ಧ ಸುತ್ತು ತಿರುಗುವ ಒಂದು ತಿರುವು ಬಂತು ಅಂದುಕೊಳ್ಳಿ. ತಿರುವಿನ ತ್ರಿಜ್ಯ 15 ಮೀಟರ್. ಸುತ್ತಿಕೊಂಡು ಹೋದರೆ ದಾರಿ 47 ಮೀಟರ್. ಚುಕ್ಕಿ ತಿರುವಿನ ಆ ತುದಿಗೊಂದು ಈ ತುದಿಗೊಂದು ಮಾತ್ರ ಬಿದ್ದರೆ ವಾಚು ಅಡ್ಡ ಗೆರೆ ಎಳೆದು 30 ಮೀಟರ್ ಅನ್ನುತ್ತದೆ. ಒಂದೇ ತಿರುವಿನಲ್ಲಿ 17 ಮೀಟರ್ ಹೋಯಿತು. ಹೈವೇ ನೇರ ಇರುವುದರಿಂದ ಅಲ್ಲಿ ಈ ನಷ್ಟ ಗೊತ್ತೇ ಆಗುವುದಿಲ್ಲ. ಕೆರೆ ಏರಿ, ಬೆಟ್ಟದ ದಾರಿ, ಊರೊಳಗಿನ ತಿರುವು, ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಸೆಟ್ಟಿಂಗಿನಲ್ಲಿ ಎರಡು ಬೇರೆ ಬೇರೆ ವಿಷಯ ಇರುತ್ತವೆ, ಜನ ಇವನ್ನು ಒಂದೇ ಅಂದುಕೊಳ್ಳುತ್ತಾರೆ. ರೆಕಾರ್ಡಿಂಗ್ ಅನ್ನುವುದು ಸಿಕ್ಕ ಚುಕ್ಕಿಗಳಲ್ಲಿ ಎಷ್ಟನ್ನು ಬರೆದಿಡಬೇಕು ಅಂತ. ಇದನ್ನು ಸೆಕೆಂಡಿಗೊಂದು ಅಂತ ಇಟ್ಟರೆ ಫೈಲು ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೆ. ಬ್ಯಾಟರಿ ಉಳಿತಾಯದ ಮೋಡು ಬೇರೆ. ಅದರಲ್ಲಿ ಕೆಲವು ವಾಚುಗಳ ಜಿಪಿಎಸ್ಸೇ ಆಗಾಗ ನಿದ್ದೆ ಹೋಗುತ್ತದೆ, ಮಧ್ಯದ್ದನ್ನು ಊಹೆಯಿಂದ ತುಂಬುತ್ತದೆ. ಮೂರು ದಿನದ ಚಾರಣಕ್ಕೆ ಅದು ಸರಿ. ಎರಡು ಗಂಟೆ ಸೈಕಲ್‌ಗೆ ಬೇಡ.

ನಿಮ್ಮ ವಾಚಿನಲ್ಲಿ ಜಿಪಿಎಸ್ ಇದೆಯಾ?

ಕೇಳುವುದಕ್ಕೆ ವಿಚಿತ್ರ, ಆದರೆ ಕೇಳಲೇಬೇಕು. ಕಡಿಮೆ ಬೆಲೆಯ ಬಹಳಷ್ಟು ವಾಚುಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ, ಜೇಬಿನಲ್ಲಿರುವ ಮೊಬೈಲಿನದ್ದನ್ನು ಕಡ ತೆಗೆದುಕೊಳ್ಳುತ್ತವೆ. ಡಬ್ಬಿ ಮೇಲೆ ಕನೆಕ್ಟೆಡ್ ಜಿಪಿಎಸ್ ಅಂತ ಇದ್ದರೆ ಇದೇ ಅರ್ಥ. ಮೊಬೈಲ್ ಮನೆಯಲ್ಲಿ ಬಿಟ್ಟು ಹೋದರೆ ಮ್ಯಾಪೇ ಬರುವುದಿಲ್ಲ.

ಮೊಬೈಲ್ ಜೊತೆಗಿದ್ದರೂ ಒಂದು ಕಿತಾಪತಿ ಇದೆ. ಸ್ಕ್ರೀನು ಆಫ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಬ್ಯಾಟರಿ ಉಳಿಸಲು ಮೊಬೈಲು ಹಿಂದೆ ಓಡುತ್ತಿರುವ ಆ್ಯಪನ್ನು ಮಲಗಿಸುತ್ತದೆ. ಆಗ ಮ್ಯಾಪಿನಲ್ಲಿ ಹರಿಹರದವರೆಗೆ ಚೆನ್ನಾಗಿ ಬಂದ ಗೆರೆ ಅಲ್ಲಿಂದ ಹೊಲ, ಹಳ್ಳ, ಮನೆ ಏನನ್ನೂ ಲೆಕ್ಕಿಸದೆ ಹಾರಿಬಂದ ಹಾಗೆ ಸೀದಾ ನಿಮ್ಮ ಮನೆಗೆ ಬಂದು ಬೀಳುತ್ತದೆ. ಉದ್ದನೆಯ, ಸ್ಕೇಲ್ ಇಟ್ಟು ಎಳೆದಂಥ ಗೆರೆ ಕಂಡರೆ ಉಪಗ್ರಹವನ್ನು ಬೈಯಬೇಡಿ. ಮೊಬೈಲ್ ಸೆಟ್ಟಿಂಗಿನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ, ಲೊಕೇಶನ್ ಅನುಮತಿಯನ್ನು ಯಾವಾಗಲೂ ಅಂತ ಕೊಡಿ.

ನಿಂತಲ್ಲೇ ಓಡುವ ಸೈಕಲ್

ಈಗ ನನ್ನ ತಪ್ಪಿಗೆ ಬರುತ್ತೇನೆ. ಆನಗೋಡಿನಲ್ಲಿ ಟೀ ಕುಡಿಯಲು ಇಪ್ಪತ್ತೈದು ನಿಮಿಷ ಕೂತೆವು. ನಾನು ವಾಚು ನಿಲ್ಲಿಸಿರಲಿಲ್ಲ. ನಾವು ಅಲುಗದಿದ್ದರೂ ಚುಕ್ಕಿ ಅಲುಗುತ್ತಲೇ ಇರುತ್ತದೆ, ಈ ಸೆಕೆಂಡು ಎರಡು ಮೀಟರ್ ಆಚೆ, ಇನ್ನೊಂದು ಗಳಿಗೆಗೆ ಮೂರು ಮೀಟರ್ ಈಚೆ. ತಗಡಿನ ಸೂರಿನ ಕೆಳಗೆ ಕೂತರೆ ಇನ್ನೂ ಜಾಸ್ತಿ. ವಾಚು ಪಾಪ ಅದನ್ನೆಲ್ಲ ನಿಷ್ಠೆಯಿಂದ ಸೇರಿಸುತ್ತದೆ. ಆ ಟೀ ಅಂಗಡಿ ಜಾಗವನ್ನು ಮ್ಯಾಪಿನಲ್ಲಿ ದೊಡ್ಡದು ಮಾಡಿ ನೋಡಿದರೆ, ನಮ್ಮೂರಿನ ಹಳೇ ಕಾಟನ್ ಮಿಲ್ಲಿನಲ್ಲಿ ನೂಲು ಸಿಕ್ಕಾದ ಹಾಗೆ ಗೆರೆಯ ಗಂಟು. ಅದರ ಉದ್ದ 300 ಮೀಟರ್.

ಲೆಕ್ಕ ಮಾಡಿ. ನನ್ನ 300.2ರಲ್ಲಿ 0.3 ಕಳೆದರೆ 299.9. ಅವನ 298.9ಕ್ಕೆ ಕಳೆದುಹೋದ 1.2 ಸೇರಿಸಿದರೆ 300.1. ದೋಸೆ ಬಿಲ್ಲು ನಾನೇ ಕೊಟ್ಟೆ, ಎರಡೆರಡು ತಿಂದ ಅವನು.

ನಿಂತಾಗ ತಾನಾಗೇ ನಿಲ್ಲುವ ಆಟೋ ಪಾಜ್ (auto pause) ಅನ್ನುವ ಸೆಟ್ಟಿಂಗ್ ಇದಕ್ಕೇ ಇರುವುದು. ರೈಲ್ವೆ ಗೇಟು, ಸಿಗ್ನಲ್ಲು, ಟೀ ಎಲ್ಲಕ್ಕೂ ಅನುಕೂಲ. ಆದರೆ ಕಡಿದಾದ ಏರಿನಲ್ಲಿ ಆರೇಳು ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಾ ಹೋಗುವಾಗ, ಮೇಲೆ ಮರ ಬೇರೆ ಇದ್ದರೆ, ವಾಚು ನೀವು ನಿಂತಿದ್ದೀರಿ ಅಂತ ತೀರ್ಮಾನಿಸಿಬಿಡಬಹುದು. ಅಷ್ಟು ಕಷ್ಟಪಟ್ಟು ಹತ್ತಿದ್ದಕ್ಕೆ ಲೆಕ್ಕವೇ ಸಿಗುವುದಿಲ್ಲ. ಬೆಟ್ಟಕ್ಕೆ ಹೋಗುವ ದಿನ ಅದನ್ನು ಆಫ್ ಮಾಡಿ, ಕೈಯಲ್ಲೇ ನಿಲ್ಲಿಸಿ.

ಹತ್ತಿದ್ದು ಎಷ್ಟು ಅನ್ನುವ ಲೆಕ್ಕ

ಇದು ಇನ್ನೂ ಗೋಜಲು. ಜಿಪಿಎಸ್ಸಿಗೆ ಎತ್ತರ ಹೇಳುವುದು ಕಷ್ಟ, ಯಾಕಂದರೆ ಉಪಗ್ರಹಗಳೆಲ್ಲ ನಮ್ಮ ಮೇಲೇ ಇರುತ್ತವೆ, ಕಾಲ ಕೆಳಗಿನವಕ್ಕೆ ಭೂಮಿಯೇ ಅಡ್ಡ. ಅದಕ್ಕೆ ಕೆಲವು ವಾಚುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇಟ್ಟಿರುತ್ತಾರೆ. ಸುಮಾರು 8–9 ಮೀಟರ್ ಮೇಲೆ ಹೋದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಸಣ್ಣ ಏರಿಳಿತ ಹಿಡಿಯುವುದರಲ್ಲಿ ಇದು ಜಿಪಿಎಸ್‌ಗಿಂತ ಎಷ್ಟೋ ವಾಸಿ.

ಆದರೆ ಒತ್ತಡ ಹವೆಯಿಂದಲೂ ಬದಲಾಗುತ್ತದೆ. ನಮ್ಮಂಥ ಉಷ್ಣವಲಯದಲ್ಲಿ ದಿನಾ ಬೆಳಗ್ಗೆ ಹತ್ತರ ಹೊತ್ತಿಗೆ ಏರಿ ಸಂಜೆ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಮಿಲಿಬಾರ್ ಇಳಿಯುವುದು ಮಾಮೂಲು. ಮೇಜಿನ ಮೇಲೆ ಸುಮ್ನೆ ಇಟ್ಟ ವಾಚು ಸಂಜೆ ಹೊತ್ತಿಗೆ ಇಪ್ಪತ್ತೈದು ಮೂವತ್ತು ಮೀಟರ್ ಬೆಟ್ಟ ಹತ್ತಿರುತ್ತದೆ! ವಾಚಿನ ಪಕ್ಕದ ಸಣ್ಣ ತೂತಿಗೆ ಬೆವರು, ಮಳೆನೀರು, ಮಣ್ಣು ಸೇರಿದರೂ ಲೆಕ್ಕ ಕೆಡುತ್ತದೆ, ಆಗಾಗ ಬರೀ ನೀರಿನಲ್ಲಿ ತೊಳೆಯಿರಿ. ಬ್ಯಾರೋಮೀಟರ್ ಇಲ್ಲದ ವಾಚಿನ ರೈಡಿಗೆ ಆ್ಯಪ್‌ಗಳು ತಮ್ಮಲ್ಲಿರುವ ಎತ್ತರದ ಮ್ಯಾಪು ನೋಡಿ ಅಂಕಿ ಹಾಕುತ್ತವೆ. ಹಾಗಾಗಿ ಒಂದೇ ದಾರಿಗೆ ಇಬ್ಬರಿಗೆ ಬೇರೆ ಬೇರೆ ಏರು ಬಂದರೆ ಜಗಳ ಬೇಡ.

"ಏರಿನಲ್ಲಿ ದೂರ ಜಾಸ್ತಿ ಇರುತ್ತದೆ, ಜಿಪಿಎಸ್ ಮೇಲಿಂದ ನೋಡಿ ಕಡಿಮೆ ಹೇಳುತ್ತದೆ" ಅಂತ ಒಬ್ಬರು ನನ್ನ ಹತ್ತಿರ ವಾದಿಸಿದರು. ತರ್ಕ ಸರಿ, ಆದರೆ ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಕಿಲೋಮೀಟರಿಗೆ ತಪ್ಪುವುದು ಎರಡು ಮೀಟರಿಗೂ ಕಡಿಮೆ.

ಚಕ್ರವೇ ಅಳೆಯಲಿ

ದೂರ ನಿಖರವಾಗಿ ಬೇಕೇ ಬೇಕು ಅನ್ನುವವರಿಗೆ ಹಳೇ ಉಪಾಯವೇ ವಾಸಿ. ಚಕ್ರದ ಹಬ್ಬಿಗೆ ಒಂದು ಸಣ್ಣ ಸ್ಪೀಡ್ ಸೆನ್ಸರ್ ಕಟ್ಟಿದರೆ ಚಕ್ರ ಎಷ್ಟು ಸುತ್ತಿತು ಅಂತ ಎಣಿಸಿ ವಾಚಿಗೆ ಹೇಳುತ್ತದೆ. ಅಂಡರ್‌ಪಾಸು, ಬಂಡೆ, ಮರ ಯಾವುದರ ಹಂಗೂ ಇಲ್ಲ. ನಿಂತರೆ ಸೊನ್ನೆ. ನಿಮ್ಮ ವಾಚು ಇಂಥ ಸೆನ್ಸರ್‌ಗೆ ಒಗ್ಗುತ್ತದೆಯಾ ಅಂತ ಮೊದಲು ನೋಡಿಕೊಳ್ಳಿ.

ಒಂದೇ ಎಚ್ಚರ, ಚಕ್ರದ ಸುತ್ತಳತೆ ಸರಿಯಾಗಿ ತುಂಬಬೇಕು. 700 ಬೈ 25 ಟೈರಿಗೆ ಸಾಮಾನ್ಯವಾಗಿ 2105 ಮಿಲಿಮೀಟರ್ ಅಂತ ಹಾಕುತ್ತಾರೆ. 43 ಮಿಲಿಮೀಟರ್ ತಪ್ಪು ತುಂಬಿದರೂ ಎರಡು ಪರ್ಸೆಂಟ್ ತಪ್ಪು, ದುರ್ಗದ ದಾರಿಯಲ್ಲಿ ಅದು 1.2 ಕಿಲೋಮೀಟರ್ ಆಗುತ್ತದೆ. ಗಾಳಿ ತುಂಬಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ ಮೇಲೆ ಕೂತೇ ಒಂದು ಸುತ್ತು ಮುಂದೆ ಹೋಗಿ, ಟೇಪಿನಿಂದ ಅಳೆಯಿರಿ. ಕೂತು ಅಳೆಯುವುದು ಯಾಕೆ ಅಂದರೆ ನಮ್ಮ ಭಾರಕ್ಕೆ ಟೈರು ಅಮುಕಿ ಅಳತೆ ಸ್ವಲ್ಪ ಕಡಿಮೆಯಾಗುತ್ತದೆ.

ಉಪಗ್ರಹ ಒಂದನ್ನೇ ನಂಬದಿರುವುದು ಸೈಕಲ್‌ನವರ ಚಾಳಿ ಮಾತ್ರ ಅಲ್ಲ. 2024ರ ಜೂನ್‌ನಲ್ಲಿ ನಮ್ಮ ಪಕ್ಕದ ಚಳ್ಳಕೆರೆ ಹತ್ತಿರದ ರನ್‌ವೇ ಮೇಲೆ ಇಸ್ರೋದ ಪುಷ್ಪಕ್ ಅನ್ನುವ ರೆಕ್ಕೆಯ ಬಾಹ್ಯಾಕಾಶ ವಾಹನ ತಾನಾಗೇ ಬಂದು ಇಳಿಯಿತಲ್ಲ, ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತ್ತು. ಅದರಲ್ಲಿ ನಾವಿಕ್ ಇತ್ತು. ಜೊತೆಗೆ ನೆಲದಿಂದ ಎತ್ತರ ಅಳೆಯುವ ರೇಡಾರು, ಚಲನೆ ಅಳೆಯುವ ಸೆನ್ಸರು, ಗಾಳಿ ಅಳೆಯುವ ವ್ಯವಸ್ಥೆ ಎಲ್ಲವೂ ಇದ್ದವು. ಎಲ್ಲದರ ಮಾತು ಕೇಳಿ ಕೂಡಿಸಿ ತೀರ್ಮಾನ ಮಾಡಿತು.

ಆಗಲೇ ಕೆಟ್ಟುಹೋದ ರೈಡು

ರೈಡ್ ಮುಗಿದ ಮೇಲೂ ಕೆಲವನ್ನು ತಿದ್ದಬಹುದು. ವಾಚು ಆಫ್ ಮಾಡಲು ಮರೆತು ಕಾರಿನಲ್ಲಿ ವಾಪಸ್ ಬಂದಿದ್ದರೆ ಆ ಕೊನೆಯ ಭಾಗ ಕತ್ತರಿಸಲು ಆ್ಯಪಿನಲ್ಲೇ ದಾರಿ ಇದೆ. ಗರಿಷ್ಠ ವೇಗ ಗಂಟೆಗೆ 92 ಕಿಲೋಮೀಟರ್ ಅಂತ ತೋರಿಸಿದರೆ ಯಾವುದೋ ಒಂದು ಚುಕ್ಕಿ ಹಾರಿದೆ ಅಂತ ಅರ್ಥ. ಸ್ಟ್ರಾವಾದ ವೆಬ್‌ಸೈಟಿನಲ್ಲಿ ದೂರವನ್ನು ಗೆರೆಯಿಂದ ಮತ್ತೆ ಲೆಕ್ಕ ಹಾಕಿಸುವ ಸೌಲಭ್ಯ ಇದೆ, ಆದರೆ ಗೆರೆಯೇ ತಪ್ಪಿದ್ದರೆ ಅದೂ ಏನೂ ಮಾಡಲಾರದು.

ಗೆಳೆಯನ ಕಳೆದುಹೋದ 1.2 ಕಿಲೋಮೀಟರಿಗೆ ಯಾವ ಆ್ಯಪಿನಲ್ಲೂ ಮದ್ದು ಇರಲಿಲ್ಲ. ಇಡದ ಚುಕ್ಕಿಯನ್ನು ತಿದ್ದುವುದು ಹೇಗೆ? ಈಗ ಅವನು ಬೆಳಗ್ಗೆ ರಸ್ತೆಗೆ ಬಂದು, ಕೈ ಮುಂದೆ ಚಾಚಿ, ವಾಚಿನ ಮುಖ ಆಕಾಶಕ್ಕೆ ಮಾಡಿ ನಿಲ್ಲುತ್ತಾನೆ. ಎದುರು ಮನೆ ಅಜ್ಜಿ ಸೂರ್ಯನಮಸ್ಕಾರ ಮಾಡುತ್ತಾನೆ ಅಂದುಕೊಂಡಿದ್ದಾರೆ.